ಅಡುಗೆಮನೆಗೆ ಕೇಳಿಸಿದ ಹನ್ನೊಂದು ಮಾತು

ನನ್ನ ಮಾವ ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುತ್ತಿದ್ದದ್ದು ಅವರೇ. ನಿವೃತ್ತರಾದ ಮೇಲೂ ನ್ಯಾಮತಿಯ ನಮ್ಮ ಮನೆಯಲ್ಲಿ ಅವರು ಮಾತಾಡಿದರೆ ಹಿತ್ತಿಲವರೆಗೆ ಕೇಳುತ್ತಿತ್ತು. ನನ್ನೊಡನೆ ಮಾತ್ರ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳೂರಿನಿಂದ ನಾನು ಸೊಸೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ನಾನು ಎದುರಿಗೇ ನಿಂತಿದ್ದರೂ "ಕಾಫಿಗೆ ಸಕ್ಕರೆ ಕಮ್ಮಿ ಹಾಕಾಕೆ ಹೇಳು ಅವಳಿಗೆ" ಎಂದು ಅತ್ತೆಗೆ ಹೇಳುತ್ತಿದ್ದರು. ಸಿಟ್ಟೇನಲ್ಲ, ಸಂಕೋಚ.

ಒಮ್ಮೆ ಕಟ್ಟಿದ ಅವರ ಗಂಟಲು ಎರಡು ತಿಂಗಳಾದರೂ ಬಿಡಲಿಲ್ಲ. ಪರೀಕ್ಷೆ ಮಾಡಿದ ಡಾಕ್ಟರು ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದರು. ಆಪರೇಷನ್ನಿಗೆ ಒಂದು ವಾರವಿತ್ತು.

ಮಾವನಿಗೆ ಬರೆಯಲು ಬರುತ್ತಿತ್ತು, ಆದರೆ ಅತ್ತೆಗೆ ಓದಲು ಬರುತ್ತಿರಲಿಲ್ಲ. ನಾನು ಹೊನ್ನಾಳಿಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ನನ್ನ ಗಂಡ ಚನ್ನಗಿರಿಯಲ್ಲಿ ಲೈನ್‌ಮ್ಯಾನ್. ರಜೆ ಸಿಕ್ಕಾಗ ಬರುತ್ತಾರೆ. ಹಗಲೆಲ್ಲ ಮನೆಯಲ್ಲಿ ಇರುವವರು ಅವರಿಬ್ಬರೇ. ಅತ್ತೆ ಹಿಂದಿನ ಅಡುಗೆಮನೆಯಲ್ಲಿ, ಮಾವ ಬೀದಿ ಕಡೆಯ ಕೋಣೆಯಲ್ಲಿ.

"ಒಂದು ಬೆಲ್ ಹಾಕಿದ್ರೆ ಸಾಕಲ್ಲ?" ಎಂದರು ನನ್ನ ಗಂಡ.

"ಬೆಲ್ಲು ಬರೀ ಕರೀತೈತೆ ರೀ. ಏನು ಬೇಕಂತ ಹೇಳಲ್ಲ" ಎಂದೆ.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ನನ್ನ ಫೋನು ಹಿಡಿದು ಮಾವನ ಮುಂದೆ ಕೂತೆ. ದಿನಾ ಬೇಕಾಗುವ ಮಾತುಗಳನ್ನು ಅವರಿಂದಲೇ ಹೇಳಿಸಿ ಇಟ್ಟುಕೊಳ್ಳೋಣ ಎಂದು. ದನಿ ಒಡೆದಿತ್ತು, ಆದರೂ ಅವರದೇ. ನೀರು ಕೊಡು. ಹಸಿವಾಗೈತೆ. ಬಚ್ಚಲಿಗೆ ಹೋಗ್ಬೇಕು. ಬಾಗಿಲಾಗೆ ಯಾರೋ ಬಂದಾರೆ ನೋಡು. ಹೀಗೆ ಹತ್ತಾದವು. "ನೋವಾಗ್ತೈತೆ" ಎನ್ನುವಾಗ ಅವರಿಗೆ ನಗು ಬಂತು, ಯಾಕೆಂದರೆ ಆಗ ಅವರಿಗೆ ನೋವಿರಲಿಲ್ಲ. ಕೊನೆಗೆ "ಅತ್ತೆನ ಕರೆಯೋದೊಂದು ಹೇಳಿಬಿಡ್ರಿ ಮಾವ" ಎಂದೆ. ಅವರು ಗೋಡೆಯ ಕಡೆ ತಿರುಗಿ ಹೇಳಿದರು: "ಏ, ಇಲ್ಲಿ ಬಾರೇ ಒಂಚೂರು."

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹಜಾರದ ಹಳೇ ಕಂಪ್ಯೂಟರಿನ ಮುಂದೆ ಕೂತೆ. ನನ್ನ ಯೋಚನೆ ಸರಳವಾಗಿತ್ತು. ಮಾವನ ಮಂಚದ ಬಳಿಯ ಫೋನಿನಲ್ಲಿ ಹನ್ನೊಂದು ಗುಂಡಿಗಳ ಒಂದು ಪುಟ. ಯಾವ ಗುಂಡಿ ಒತ್ತಿದರು ಎಂಬುದನ್ನು ಕಂಪ್ಯೂಟರ್ ಬರೆದುಕೊಳ್ಳಬೇಕು. ಅಡುಗೆಮನೆಯ ಫೋನು ಅದನ್ನು ಕೇಳಿಕೊಂಡು ಆ ಮಾತನ್ನು ನುಡಿಸಬೇಕು. ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ವೆಬ್ ಸರ್ವರ್, ಅಂದರೆ ಫೋನುಗಳಿಗೆ ಆ ಪುಟ ಕೊಡುವ ತಂತ್ರಾಂಶ, ಬೇಕು. ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನು ಬರೆದ ಸಾಲುಗಳನ್ನು ನಡೆಸಲು ಅದರೊಳಗೆ ಪಿಎಚ್‌ಪಿ ಮಾಡ್ಯೂಲ್ ಎಂಬ ಭಾಗ ಸೇರಿಸಬೇಕು. ಪಾಠದಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೆ, ಕೈಯಾರೆ ಮಾಡಿರಲಿಲ್ಲ. ಕೇಂದ್ರದ ಕಂಪ್ಯೂಟರುಗಳಲ್ಲಿ ಅದನ್ನೆಲ್ಲ ಮೊದಲೇ ಯಾರೋ ಹಾಕಿಟ್ಟಿದ್ದರು.

ಸರ್ವರ್ ಬೇಗ ಶುರುವಾಯಿತು. ಆದರೆ ಪುಟ ತೆರೆದರೆ ನಾನು ಬರೆದ ಸಾಲುಗಳೇ ಅಕ್ಷರ ಅಕ್ಷರವಾಗಿ ಪರದೆಯ ಮೇಲೆ ಬಂದವು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಾವ ಸ್ಲೇಟಿನ ಮೇಲೆ ಬರೆದು ನನ್ನ ಕಡೆ ಹಿಡಿದರು: "ಏನಾಯ್ತು?"

ಒಂಬತ್ತು ವರ್ಷಗಳಲ್ಲಿ ಅವರು ನನ್ನನ್ನೇ ಕೇಳಿದ ಮೊದಲ ಪ್ರಶ್ನೆ ಅದು. ತಡವರಿಸುತ್ತಲೇ ಹೇಳಿದೆ, "ಬರೆದಿದ್ದನ್ನ ತೋರಿಸ್ತೈತೆ ಮಾವ, ಹೇಳಿದಂಗೆ ಮಾಡ್ತಿಲ್ಲ."

ಅವರು ಸ್ಲೇಟು ಒರೆಸಿ ಬರೆದರು: "ನಮ್ಮ ಡ್ರೈವರ್‌ಗಳ ಹಂಗೆ."

ನಕ್ಕೆ. ಸರ್ವರಿನ ಸೆಟ್ಟಿಂಗ್ ಫೈಲಿನಲ್ಲಿ ಮಾಡ್ಯೂಲನ್ನು ಕರೆಯುವ ಸಾಲು ಸೇರಿಸಿದೆ. ಈಗ ಸರ್ವರ್ ಶುರುವೇ ಆಗಲಿಲ್ಲ. ಪಿಎಚ್‌ಪಿ ಎರಡು ಬಗೆಯಲ್ಲಿ ಸಿಗುತ್ತದೆ, ಸರ್ವರಿಗೆ ಬೇಕಾದ ಫೈಲು ಒಂದರಲ್ಲಿ ಮಾತ್ರ ಇರುತ್ತದೆ. ನಾನು ಇಳಿಸಿಕೊಂಡದ್ದು ಇನ್ನೊಂದನ್ನು. ಸರಿಯಾದದ್ದನ್ನು ತಂದು ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಗಲೂ ಅದೇ ದೋಷ. ನನ್ನ ಕಣ್ಣು ತುಂಬಿಕೊಂಡಿತು. ಮಾವ ನಾನು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದ ಸಾಲನ್ನು ಕೈಗೆ ತೆಗೆದುಕೊಂಡು ಪರದೆಯ ಸಾಲಿನೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡುತ್ತ ಹೋದರು. ಮೂವತ್ತು ವರ್ಷ ಕಂಡಕ್ಟರುಗಳ ಚೀಟಿ ನೋಡಿದ ಕಣ್ಣು. ಫೋಲ್ಡರಿನ ಹೆಸರಿನ ಮೇಲೆ ಬೆರಳಿಟ್ಟರು. ಒಂದು ಅಕ್ಷರ ಬಿಟ್ಟುಹೋಗಿತ್ತು.

ತಿದ್ದಿದ ಮೇಲೆ ಸರ್ವರ್ ಶುರುವಾಯಿತು. ಗುಂಡಿ ಒತ್ತಿ ಎಂದೆ. ಮಾವ ಬಹಳ ಹೊತ್ತು ಫೋನು ಹಿಡಿದುಕೊಂಡೇ ಇದ್ದು, ಕೊನೆಯ ಗುಂಡಿ ಒತ್ತಿದರು. ಒಳಗಿನಿಂದ ಅವರ ದನಿ ಕೇಳಿತು: "ಏ, ಇಲ್ಲಿ ಬಾರೇ ಒಂಚೂರು."

"ಬಂದೆ ರೀ" ಎಂದರು ಅತ್ತೆ, ಎಂದಿನಂತೆ. ಕೈಯಲ್ಲಿ ಸೌಟು ಹಿಡಿದು ಹಜಾರದವರೆಗೆ ಬಂದು, ನಮ್ಮಿಬ್ಬರ ಮುಖ ನೋಡಿ, ಅಲ್ಲೇ ಕುಸಿದು ಕೂತು ಅತ್ತರು.

ಐದು ತಿಂಗಳು ಆ ಪುಟ ನಡೆಯಿತು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನಾನು ಸರ್ವರ್ ಶುರು ಮಾಡುತ್ತಿದ್ದೆ. ಆಮೇಲೆ ಅತ್ತೆ ಅಡುಗೆಮನೆಯ ಫೋನನ್ನು ಒಮ್ಮೆ ಮುಟ್ಟಬೇಕಿತ್ತು, ಇಲ್ಲದಿದ್ದರೆ ದನಿ ಬರುತ್ತಿರಲಿಲ್ಲ. ಅವರು ಅದನ್ನು ಒಂದು ದಿನವೂ ಮರೆಯಲಿಲ್ಲ. ಕಾಯಿಲೆ ಮರಳಿದ ಮೇಲೆ ಹೆಚ್ಚು ಕೇಳಿಸಿದ್ದು ಒಂದೇ ಮಾತು. ಕೋಣೆಯಲ್ಲಿ ಮಾವ ಹಲ್ಲು ಕಚ್ಚಿ ಮಲಗಿರುತ್ತಿದ್ದರು. ಅಡುಗೆಮನೆಯಲ್ಲಿ ಅವರ ದನಿ "ನೋವಾಗ್ತೈತೆ" ಎಂದು ನಗುತ್ತ ಹೇಳುತ್ತಿತ್ತು. ಮತ್ತೊಮ್ಮೆ ಹೇಳಿಸಲು ಈಗ ದನಿಯಿರಲಿಲ್ಲ.

ಕಂಪ್ಯೂಟರ್ ಚಾಲೂ ಆದಾಗ ಸರ್ವರ್ ತಾನಾಗಿಯೇ ಶುರುವಾಗುವಂತೆ ಮಾಡಬಹುದು ಎಂದು ನನಗೆ ಗೊತ್ತಿತ್ತು. ಐದು ನಿಮಿಷದ ಕೆಲಸ. ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ ಎಂದು ತಳ್ಳುತ್ತ ಬಂದೆ.

ಒಂದು ಗುರುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟ ಮೇಲೆ ಕರೆಂಟು ಹೋಗಿ ಬಂತು. ನಾನು ಹೇಳಿಕೊಟ್ಟಿದ್ದಂತೆ ಅತ್ತೆ ಕಂಪ್ಯೂಟರ್ ಚಾಲೂ ಮಾಡಿ, ಫೋನು ಮುಟ್ಟಿ, ಎಲ್ಲ ಸರಿಯಾಯಿತೆಂದು ಚಟ್ನಿ ರುಬ್ಬತೊಡಗಿದರು. ಸರ್ವರ್ ಶುರುವಾಗಿರಲಿಲ್ಲ. ಮಾವ ಬಚ್ಚಲಿಗೆ ಹೋಗಬೇಕೆಂದು ಗುಂಡಿ ಒತ್ತಿದ್ದಾರೆ. ಎಷ್ಟು ಸಲವೋ, ಬರೆದುಕೊಳ್ಳಬೇಕಾದ ಸರ್ವರೇ ನಿಂತಿತ್ತು. ಯಾರೂ ಬಾರದಿದ್ದಾಗ ತಾವೇ ಎದ್ದು ನಡೆದು ಹೊಸ್ತಿಲಲ್ಲಿ ಬಿದ್ದರು. ಅತ್ತೆ ಬಂದು ನೋಡಿದಾಗ ಸೊಂಟದ ಮೂಳೆ ಮುರಿದಿತ್ತು.

ಸಂಜೆ ಆಸ್ಪತ್ರೆಯಲ್ಲಿ ನಾನು ಅವರ ಕಾಲ ಬಳಿ ನಿಂತು ಅತ್ತುಬಿಟ್ಟೆ. ಅವರು ಸ್ಲೇಟು ಕೇಳಿ ತೆಗೆದುಕೊಂಡು ಬರೆದರು: "ಕರೆಂಟ್ ಹೋದ್ರೆ ನನ್ನ ಮೈಕೂ ನಿಲ್ತಿತ್ತು ತಾಯಿ. ಬಿಡು."

ಮೂರು ವಾರಕ್ಕೆ ಹೋಗಿಬಿಟ್ಟರು.

ತಿಥಿಯೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ನನ್ನ ಬಳಿ ಬಂದು, "ಅದ್ರಾಗೆ ನೋವು ಅಂತ ಒಂದು ಐತಲ್ಲ, ಅದನ್ನ ತೆಗೆಯಾಕೆ ಬರ್ತೈತಾ?" ಎಂದು ಕೇಳಿದರು.

"ಬರ್ತೈತೆ. ಉಳಿದವು?"

"ಅವು ಇರ್ಲಿ."

ಅವರ ಎದುರಿಗೇ ಆ ಫೈಲನ್ನು ಅಳಿಸಿದೆ. ಆಗಲಾದರೂ ಹೇಳಬೇಕು ಅನ್ನಿಸಿತು. "ಆವತ್ತು ತಪ್ಪು ನಂದು ಅತ್ತೆ. ಒಂದು ಕೆಲಸ ಮಾಡದೆ ಬಿಟ್ಟಿದ್ದೆ" ಎಂದೆ.

ಅತ್ತೆ ಕಂಪ್ಯೂಟರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

"ಅವರು ಬಿದ್ದ ಸದ್ದಾದ್ರೂ ನಂಗೆ ಕೇಳಿಸ್ಬೇಕಿತ್ತು" ಎಂದರು ಆಮೇಲೆ. "ಮಿಕ್ಸಿ ಹಾಕಿದ್ದೆ ನಾನು."

ಆಮೇಲೆ ಅವರು ಅಕ್ಕಿ ತೊಳೆಯಲು ಎದ್ದು ಹೋದರು. ಆ ಗುರುವಾರದ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬಂದಿಲ್ಲ.