ತಮ್ಮನ ಹೆಸರಿನಲ್ಲಿ ಚುಚ್ಚಿದ ಸೂಜಿ

ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ಮೊದಲು ನಮ್ಮ ಮನೆಯ ಮೇಲೆ ಬರುತ್ತದೆ, ಆಮೇಲೆ ನನ್ನ ಮೇಲೆ ಬಂದು ಅಲ್ಲೇ ನಿಲ್ಲುತ್ತದೆ.

ಇಂಡಿ ತಾಲ್ಲೂಕಿನಲ್ಲಿ, ಹಲಸಂಗಿಯ ಹತ್ತಿರ ನಮ್ಮ ಹಳ್ಳಿ. ಊರ ಬಾವಿಯ ಹೂಳು ತೆಗೆಯಬೇಕಾದಾಗ ವಾಲೀಕಾರ ಓಣಿ ಓಣಿ ತಿರುಗಿ ‘ಮನಿಗೊಂದಾಳು’ ಎಂದು ಕೂಗುತ್ತಿದ್ದ. ಯಾರು ಬಂದರು ಎಂದು ಯಾರೂ ಕೇಳುತ್ತಿರಲಿಲ್ಲ. ಅಪ್ಪನ ಬದಲು ಮಗ, ಮಗನ ಬದಲು ಅಳಿಯ. ಎರಡು ಕೈ ಬಂದರೆ ಆ ಮನೆಯ ಪಾಲು ಮುಗಿಯಿತು. ಬಾವಿಗೆ ಅದು ಸರಿ. ಎಲ್ಲದಕ್ಕೂ ಸರಿ ಎಂದು ತಿಳಿದವರು ನಾವು.

ನಾನು ಹೈಸ್ಕೂಲು ಮುಗಿಸಿ ಹೊಲಕ್ಕೆ ನಿಂತೆ. ನನಗಿಂತ ಎರಡು ವರ್ಷ ಸಣ್ಣವನಾದ ತಮ್ಮ ಮುಂದೆ ಓದಿದ. ಎಪ್ಪತ್ತರ ದಶಕದ ಮಾತು ಇದು. ಮೊದಲ ಸಲ ಡಾಕ್ಟರಿಕೆಯ ಸೀಟು ಸಿಗದೆ ಸಿಂದಗಿಯಲ್ಲಿ ಗುಮಾಸ್ತನಾಗಿದ್ದಾಗ ಅವನು ಮೀಸಲು ಪಡೆಗೆ ಹೆಸರು ಬರೆಸಿದ. ವರ್ಷದಲ್ಲಿ ಒಂದೆರಡು ತಿಂಗಳು ಸಿಪಾಯಿ, ಉಳಿದ ದಿನ ನಮ್ಮ ನಿಮ್ಮಂತೆ. ಪಡೆಯಲ್ಲಿದ್ದವರಿಗೆ ಸೀಟು ಬೇಗ ಸಿಗುತ್ತದೆ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಮರುವರ್ಷ ಸೀಟು ಅವನ ಅಂಕಗಳಿಂದಲೇ ಸಿಕ್ಕಿತು. ಪಡೆ ಮಾತ್ರ ಕೊರಳಿಗೆ ಬಿದ್ದದ್ದು ಬಿದ್ದೇ ಇತ್ತು.

ಮೊದಲ ವರ್ಷ ಹೇಗೋ ಎರಡನ್ನೂ ನಿಭಾಯಿಸಿದ. ಎರಡನೆಯ ವರ್ಷ ಪರೀಕ್ಷೆ ಮತ್ತು ಶಿಬಿರ ಒಂದೇ ತಿಂಗಳಿಗೆ ಬಂದವು. ಕಾಗದ ಹಿಡಿದುಕೊಂಡು ಊರಿಗೆ ಬಂದು, ಪಡೆಯ ಸಾಹೇಬರಿಗೆ ಅರ್ಜಿ ಬರೆದು ಬಿಡುವು ಕೇಳುತ್ತೇನೆ ಎಂದ. ನಮ್ಮಪ್ಪನಿಗೆ ಅರ್ಜಿ ಎಂದರೆ ಕೈ ಚಾಚಿ ಬೇಡುವುದು.

“ಅರ್ಜಿ ಗಿರ್ಜಿ ಯಾಕ? ನಿಮ್ಮಣ್ಣ ಹೋಗ್ತಾನ,” ಎಂದ ಅಪ್ಪ. “ಇಬ್ಬರ ಮಾರಿನೂ ಒಂದ ಥರ ಐತಿ. ಅವರಿಗೆ ಆಳು ಬೇಕು, ಆಳು ಹೋತು.”

ತಮ್ಮ ಎರಡು ಸಲ ಬೇಡವೆಂದ. ಮೂರನೆಯ ಸಲ ಹೇಳಲಿಲ್ಲ. ಆ ಮೂರನೆಯ ಸಲಕ್ಕಾಗಿ ಅವನ ಮೇಲೂ ನನಗೆ ಸಿಟ್ಟಿದೆ.

ಆ ವರ್ಷದ ಶಿಬಿರ ಮುದ್ದೇಬಿಹಾಳದ ಕಡೆ, ಜೋಳ ಕೊಯ್ದ ಬಯಲಿನಲ್ಲಿ ಬಿದ್ದಿತ್ತು. ತಮ್ಮನ ಬೂಟು ನನಗೆ ಬಿಗಿ. ಅವನ ಹೆಸರು ಕೂಗಿದಾಗ ‘ಹಾಜರ್’ ಎಂದೆ. ಗುರುತಿನ ಪುಸ್ತಕದ ಫೋಟೋ ನೋಡಿದವರಿಗೂ ಏನೂ ತಿಳಿಯಲಿಲ್ಲ. ಹೈಸ್ಕೂಲಿನಲ್ಲಿ ಕವಾಯತು ಕಲಿತಿದ್ದೆನಾದ್ದರಿಂದ, ಹೋದ ವರ್ಷಕ್ಕಿಂತ ಈ ಸಲ ಡಾಕ್ಟರನ ಹೆಜ್ಜೆ ನೆಟ್ಟಗೆ ಬೀಳುತ್ತಿದೆ ಎಂದು ಹವಾಲ್ದಾರ ಎಲ್ಲರೆದುರು ಹೊಗಳಿದ.

ಒಬ್ಬನಿಗೆ ಮಾತ್ರ ಮೊದಲ ದಿನವೇ ತಿಳಿಯಿತು. ಮೋರಟಗಿಯ ಒಕ್ಕಲುತನದವನು, ಹಿಂದಿನ ವರ್ಷ ತಮ್ಮನ ಪಕ್ಕದಲ್ಲೇ ಮಲಗಿದ್ದವನು. ಹಾಸಿಗೆ ಬಿಚ್ಚುತ್ತಿದ್ದ ನನ್ನನ್ನು ನೋಡಿ ಮೆಲ್ಲಗೆ ನಕ್ಕ.

“ನಿನ್ನ ತಮ್ಮ ನಿದ್ದ್ಯಾಗೂ ಎಲಬು ಎಣಸ್ತಿದ್ದ. ನೀ ಏನ್ ಎಣಸ್ತೀಯೋ ಮಾರಾಯಾ, ಎತ್ತಿನ ಹಲ್ಲು?”

ಅಷ್ಟೇ. ಯಾರಿಗೂ ಹೇಳಲಿಲ್ಲ. ಅವನ ಊರಿನಲ್ಲೂ ಮನೆಗೊಂದಾಳೇ.

ಶಿಬಿರದಲ್ಲಿ ಎಲ್ಲರೂ ನನ್ನನ್ನು ಡಾಕ್ಟರ್ ಎನ್ನುತ್ತಿದ್ದರು. ಕಾಲಿನ ಬೊಬ್ಬೆ ತಂದು ತೋರಿಸುತ್ತಿದ್ದರು. ಊರಲ್ಲಿರುವ ಹೆಂಡತಿಯ ಹೊಟ್ಟೆನೋವು ಹೇಳುತ್ತಿದ್ದರು. ಬಿಸಿನೀರು ಕುಡಿಯಲಿ ಎಂದು ನಾನು ಹುಬ್ಬು ಗಂಟಿಕ್ಕಿ ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ನಮ್ಮ ಹೊಲದಲ್ಲಿ ನನ್ನ ಮಾತಿಗೆ ಯಾರೂ ಹಾಗೆ ತಲೆಯಾಡಿಸಿರಲಿಲ್ಲ. ತಮ್ಮನಿಗಾಗಿ ತ್ಯಾಗ ಮಾಡಿದನೆಂದು ನೆಂಟರು ಈಗಲೂ ಹೇಳುತ್ತಾರೆ. ಸುಳ್ಳು. ಎರಡನೆಯ ವಾರದ ಹೊತ್ತಿಗೆ ಆ ಹೆಸರು ನನಗೇ ಬೇಕಾಗಿತ್ತು.

ಮೂರನೆಯ ವಾರ ಮೋರಟಗಿಯವನಿಗೆ ಜ್ವರ ಬಂತು. ಪಡೆಯ ಡಾಕ್ಟರು ನೋಡಿ, ದಿನಕ್ಕೊಂದರಂತೆ ಎರಡು ಸೂಜಿ ಬರೆದು ವಿಜಾಪುರಕ್ಕೆ ಹೋದರು. ಮೊದಲನೆಯದನ್ನು ದವಾಖಾನೆ ಟೆಂಟಿನ ಸಹಾಯಕ ಕೊಟ್ಟ. ಮರುದಿನ ಅವನು ಬಸವನ ಬಾಗೇವಾಡಿಗೆ ಸಾಮಾನು ತರಲು ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ಸೂಜಿಯ ಹೊತ್ತು ಮೀರುತ್ತಿದೆ, ಓದುತ್ತಿರುವವನು ನೀನಿದ್ದೀಯಲ್ಲ, ಕೊಡು ಎಂದರು ಸುಬೇದಾರರು. ನಮಗೆ ಇನ್ನೂ ಕಲಿಸಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಎರಡನೆಯ ವರ್ಷದವನು ಹಾಗೆ ಹೇಳಿದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ನಾನು ಸಿರಿಂಜು ಕುದಿಯಲು ಇಟ್ಟೆ.

ಅವನು ಬೋರಲು ಮಲಗಿದ್ದ. ಸುಬೇದಾರರು ಹೊರಗೆ ಹೋಗುವ ತನಕ ಕಾದು, ತಲೆ ಎತ್ತಿ, ದನಿ ತಗ್ಗಿಸಿ ಕೇಳಿದ.

“ಖರೇ ಹೇಳು. ಸೂಜಿ ಹಾಕಾಕ ಬರತೈತಿ? ಬರದಿದ್ರ ಹೇಳಿಬಿಡು, ನಾಳಿ ತನಕ ನಾ ತಡೀತೇನಿ.”

“ಬರತೈತಿ,” ಎಂದೆ.

ದನದ ಡಾಕ್ಟರು ನಮ್ಮ ಎತ್ತಿಗೆ ಸೂಜಿ ಹಾಕುವುದನ್ನು ಹಗ್ಗ ಹಿಡಿದು ನಿಂತು ನೋಡಿದ್ದೆ. ನನ್ನ ವಿದ್ಯೆ ಅಷ್ಟೇ. ಅವನ ಪಿರ್ರೆಯ ನಟ್ಟನಡುವೆ, ಕೆಳಕ್ಕೆ ಚುಚ್ಚಿದೆ. ಅವನ ಕಾಲು ಝಾಡಿಸಿತು. ಅಂಗಾಲಿನ ತನಕ ಕರೆಂಟು ಹೊಡೆದಂತಾಗುತ್ತಿದೆ, ತೆಗೆ, ತೆಗೆ ಎಂದ. ತೆಗೆದರೆ ನನ್ನ ಬಣ್ಣ ಬಯಲಾಗುತ್ತದೆ ಎಂಬುದೊಂದೇ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು. ಔಷಧವನ್ನೆಲ್ಲ ಒತ್ತಿ ಮುಗಿಸಿದೆ.

ಬೆಳಿಗ್ಗೆ ಅವನ ಪಾದ ಮೇಲೇಳಲಿಲ್ಲ. ಬೆರಳುಗಳು ನೆಲಕ್ಕೆ ಜೋತುಬಿದ್ದವು. ಡಾಕ್ಟರು ಬಂದು ಎಲ್ಲಿ ಚುಚ್ಚಿದೆ ಎಂದು ಕೇಳುವಷ್ಟರಲ್ಲಿ, ಎಲ್ಲಿ ಚುಚ್ಚಬೇಕಾಗಿತ್ತು ಎಂಬುದನ್ನು ನಾನು ಸಹಾಯಕನಿಂದ ತಿಳಿದುಕೊಂಡಿದ್ದೆ. ಆ ಜಾಗವನ್ನೇ ತೋರಿಸಿದೆ. ಡಾಕ್ಟರು ಕಾಗದದಲ್ಲಿ ನನ್ನ ತಮ್ಮನ ಹೆಸರು ಬರೆದುಕೊಂಡರು. ಮೋರಟಗಿಯವನು ಮಂಚದ ಮೇಲಿಂದ ಎಲ್ಲ ಕೇಳಿಸಿಕೊಂಡ. ಬಾಯಿ ಬಿಡಲಿಲ್ಲ.

ತಮ್ಮ ಪರೀಕ್ಷೆ ಪಾಸಾಗಿ ಊರಿಗೆ ಬಂದಾಗ ಹೇಳಿದೆ. ಎಲ್ಲಿ ಚುಚ್ಚಿದೆ, ತೋರಿಸು ಎಂದ. ಅವನಿಗೆ ಮಾತ್ರ ನಿಜವಾಗಿ ಚುಚ್ಚಿದ ಜಾಗ ತೋರಿಸಿದೆ.

“ಅಲ್ಲಿ ಕಾಲಿನ ದೊಡ್ಡ ನರ ಐತಿ, ಅಣ್ಣಾ.”

ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಹೊರಟವನನ್ನು ಅಪ್ಪ ಮತ್ತು ನಾನು ತಡೆದೆವು. ಸೀಟು ಹೋಗುತ್ತದೆ, ಇಬ್ಬರೂ ಜೈಲಿಗೆ ಹೋಗುತ್ತೀರಿ ಎಂದ ಅಪ್ಪ. ಅವನ ಬಾಯಿ ಮುಚ್ಚಿಸಿದ ಮಾತು ಮಾತ್ರ ನನ್ನದು. ನಿನಗಾಗಿ ಅಲ್ಲವೇನೋ ನಾನು ಹೋದದ್ದು, ಎಂದೆ. ಆಮೇಲೆ ಅವನು ಓದಿನ ಕಾರಣ ಕೊಟ್ಟು ಪಡೆಯಿಂದ ಬಿಡಿಸಬೇಕೆಂದು ಅರ್ಜಿ ಬರೆದ. ಒಂದೇ ಹಾಳೆ. ತಿಂಗಳೊಳಗೆ ಬಿಟ್ಟರು. ಯಾರೂ ಒಂದು ಮಾತು ಕೇಳಲಿಲ್ಲ. ಆ ಹಾಳೆ ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ.

ಬಿತ್ತಿಗೆ ಮುಗಿದ ಮೇಲೆ ಸಿಂದಗಿಯಲ್ಲಿ ಬಸ್ಸು ಬದಲಿಸಿ ಮೋರಟಗಿಗೆ ಹೋದೆ. ಕೆಲಸಕ್ಕೆ ಬಾರದವನೆಂದು ಅವನನ್ನು ಪಡೆಯಿಂದ ಮನೆಗೆ ಕಳಿಸಿದ್ದರು. ಕಟ್ಟೆಯ ಮೇಲೆ ಕುಳಿತಿದ್ದ, ಪಕ್ಕದಲ್ಲಿ ಬಡಿಗೆ. ಆ ವರ್ಷ ಅವನ ಹೊಲದಲ್ಲಿ ಕೂರಿಗೆ ಹಿಡಿದವರು ಬೇರೆಯವರು. ಹೆಂಟೆಗೆ ಪಾದ ಎಡವುತ್ತದೆ ಎಂದ. ನಾನು ತಪ್ಪಾಯಿತು ಎಂದು ಶುರುಮಾಡಿದೆ. ಅವನು ಕೈ ಎತ್ತಿ ತಡೆದ.

“ನನಗ್ಯಾಕ ಹೇಳ್ತಿ? ನನಗ ಗೊತ್ತೈತಿ. ಒಳಗ ನಮ್ಮವ್ವ ಅದಾಳ. ಹಿಂದಿನ ಜನ್ಮದಾಗ ತಾನ ಏನೋ ಪಾಪ ಮಾಡೇನಿ ಅಂತ ವಾರಕ್ಕ ಮೂರು ದಿನ ಉಪಾಸ ಮಾಡಾಕತ್ತಾಳ. ನಾ ಹೇಳಿದ್ರ ನನ್ನ ಸಮಾಧಾನಕ್ಕ ಹೇಳ್ತಾನ ಅಂತಾಳ. ನೀ ಹೇಳು.”

ಅಷ್ಟರಲ್ಲಿ ಆ ತಾಯಿಯೇ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು. ಬಡಕಲು ಮೈ. ನನ್ನನ್ನು ದಿಟ್ಟಿಸಿ ನೋಡಿ, ಶಿಬಿರದಲ್ಲಿ ಡಾಕ್ಟರಿಕೆ ಓದುವವನೊಬ್ಬನಿದ್ದಾನೆ ಎಂದು ಮಗ ಹೇಳುತ್ತಿದ್ದ, ಅವರು ನೀವೇ ಏನು ಎಂದು ಕೇಳಿದಳು. ನಾನು ಅಲ್ಲ ಎನ್ನಲಿಲ್ಲ.

“ಹಂಗಾದ್ರ ನೀವ ಹೇಳ್ರಪಾ. ಬರೇ ಜ್ವರಕ್ಕ ಕಾಲು ಹೋಗತೈತೇನ್ರಿ?”

ಮಗ ನನ್ನ ಮುಖವನ್ನೇ ನೋಡುತ್ತಿದ್ದ.

“ಒಮ್ಮೊಮ್ಮೆ ಹೋಗತೈತ್ರಿ, ಅವ್ವಾ,” ಎಂದೆ.

ಅವನು ಬಡಿಗೆ ಊರಿ ಎದ್ದ. ಪಾದ ಎಳೆಯುತ್ತ ಹಿತ್ತಲಿಗೆ ಹೋದ. ಅವಳು ಇಷ್ಟು ದೂರದಿಂದ ಬಂದಿದ್ದೀರಿ ಎಂದು ಬಿಸಿ ರೊಟ್ಟಿ, ಖಾರದ ಹಿಂಡಿ, ಮೊಸರು ತಂದಿಟ್ಟಳು. ನಾನು ಉಂಡೆ. ಎರಡನೆಯ ರೊಟ್ಟಿಯನ್ನೂ ಹಾಕಿಸಿಕೊಂಡೆ. ಅಂದು ಅವಳ ಉಪವಾಸದ ದಿನವಾಗಿತ್ತು.