ಜೂನೋವಿನ ನಾಲ್ಕು ಕೆಂಪು ಬೂಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಒಂದು ನಾಯಿ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಬಂದಿತ್ತು. ನಿಜ ಮಕ್ಕಳೇ, ನಾಲ್ಕು ಕಾಲಿಗೆ ನಾಲ್ಕು ಕೆಂಪು ಬೂಟು. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದಿನದ್ದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಗ ನಾವು ರೆಸ್ಟನ್ ಎಂಬ ಊರಿನಲ್ಲಿದ್ದೆವು. ಗೋಡೆಗೆ ಗೋಡೆ ಅಂಟಿದ ಟೌನ್‌ಹೌಸ್‌ಗಳ ಬೀದಿ, ಹಿಂದೆ ಮರಗಳ ನಡುವೆ ಹಾದುಹೋಗುವ ಕಾಲುದಾರಿ. ಪಕ್ಕದ ಮನೆಯಲ್ಲಿ ವಯಸ್ಸಾದ ಅಮೆರಿಕನ್ ಹೆಂಗಸೊಬ್ಬರು ಒಬ್ಬರೇ ಇದ್ದರು. ಹಿಂದೆ ಅಲಾಸ್ಕಾದಲ್ಲಿದ್ದಾಗ ಅವರು ನಾಯಿಗಳನ್ನು ಕಟ್ಟಿ ಹಿಮದ ಮೇಲೆ ಬಂಡಿ ಓಡಿಸುತ್ತಿದ್ದರಂತೆ. ಆ ಹಿಂಡಿನಲ್ಲಿ ಉಳಿದಿದ್ದದ್ದು ಒಂದೇ ಒಂದು, ಜೂನೋ. ಹನ್ನೊಂದು ವರ್ಷದ ಮುದಿ ನಾಯಿ. ಒಂದು ಕಣ್ಣು ನೀಲಿ, ಇನ್ನೊಂದು ಕಂದು. ಎದುರಿಗೆ ನಾವು ಆ ಹೆಂಗಸನ್ನು ಆಂಟಿ ಎನ್ನುತ್ತಿದ್ದೆವು, ಬೆನ್ನ ಹಿಂದೆ ನಾಯಿ ಆಂಟಿ.

ನನಗೂ ಅಕ್ಕನಿಗೂ ಸ್ಕೀಜೋರಿಂಗ್ ಕಲಿಸಿದ್ದು ಆಂಟಿಯೇ. ಕಾಲಿಗೆ ಉದ್ದನೆಯ ಸ್ಕೀ ಹಲಗೆ, ಸೊಂಟಕ್ಕೆ ಅಗಲ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ಆ ತುದಿಗೆ ನಾಯಿ. ನಾಯಿ ಓಡುತ್ತದೆ, ನೀವು ಹಿಂದೆ ಜಾರುತ್ತಾ ಹೋಗುತ್ತೀರಿ. ಆದರೆ ನಮ್ಮಲ್ಲಿ ಅಷ್ಟು ಹಿಮ ಬೀಳುವುದೇ ಅಪರೂಪ. ಚಳಿಗಾಲವಿಡೀ ಆಂಟಿ ಆಕಾಶ ನೋಡುತ್ತಿದ್ದರು, ಜೂನೋ ಅವರ ಮುಖ ನೋಡುತ್ತಿತ್ತು.

ಒಂದು ಜನವರಿಯ ಬೆಳಗ್ಗೆ ಎದ್ದು ಕಿಟಕಿಯಿಂದ ನೋಡಿದರೆ ಅಪ್ಪನ ಕಾರು ಇದ್ದ ಜಾಗದಲ್ಲಿ ಬಿಳಿ ದಿಬ್ಬವಿತ್ತು. ಟಿವಿಯ ಕೆಳಗೆ ಮುಚ್ಚಿದ ಶಾಲೆಗಳ ಹೆಸರು ಸಾಲಾಗಿ ಹರಿಯುತ್ತಿತ್ತು. ನಮ್ಮ ಶಾಲೆಯದು ಬಂದ ಕೂಡಲೇ ಅಕ್ಕ ಸೋಫಾದ ಮೇಲೆ ಹತ್ತಿ ಕುಣಿದಳು. ಸಲಿಕೆ ಹಿಡಿದು ಹೊರಗೆ ಹೋದ ಅಪ್ಪ ಹತ್ತೇ ನಿಮಿಷಕ್ಕೆ "ಸೊಂಟ ಹೋಯ್ತು ಕಣೇ" ಎನ್ನುತ್ತಾ ಒಳಗೆ ಬಂದರು. ಅಡುಗೆಮನೆಯಿಂದ ಚಪಾತಿ ಸುಡುವ ವಾಸನೆ ಬರುತ್ತಿತ್ತು.

ಆಂಟಿಯ ಮಂಡಿ ಆ ವರ್ಷ ಕೈಕೊಟ್ಟಿತ್ತು. ಕುರ್ಚಿಯಲ್ಲಿ ಕೂತು, ತಾವೇ ಹೊಲಿದ ಕೆಂಪು ಬಟ್ಟೆಯ ಬೂಟುಗಳನ್ನು ಜೂನೋವಿನ ಕಾಲಿಗೆ ಒಂದೊಂದಾಗಿ ಕಟ್ಟಿ, ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಹಿಮ ತಳ್ಳುವ ಲಾರಿ ಬಿಟ್ಟುಹೋಗುವ ಐಸಿನ ಚೂರು ಗಾಜಿನಂತೆ ಕೊಯ್ಯುತ್ತದೆ, ಐಸ್ ಕರಗಲೆಂದು ರಸ್ತೆಗೆ ಹಾಕುವ ಉಪ್ಪು ಪಾದ ಸುಡುತ್ತದೆ, ಬೂಟು ಇಲ್ಲದೆ ಓಡಿಸಬೇಡ ಎಂದರು. ಎಳೆಯುವ ನಾಯಿ ನೋವಾದರೂ ನಿಲ್ಲುವುದಿಲ್ಲ, ಅದರ ಪರವಾಗಿ ನೀನೇ ನೋಡಿಕೊಳ್ಳಬೇಕು ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ಹತ್ತು ವರ್ಷದವನಿಗೆ ತಲೆಯಾಡಿಸಲು ಏನು ಕಷ್ಟ?

ಮೊದಲು ಅಕ್ಕ, ಆಮೇಲೆ ನಾನು. ಓಡು ಎನ್ನಲು ಆಂಟಿ ಕಲಿಸಿದ್ದಂತೆ "ಹೈಕ್!" ಎಂದೆ. ಹಗ್ಗ ಬಿಗಿಯಿತು, ಸೊಂಟ ಜಗ್ಗಿತು, ನಾನು ಹೊರಟೇ ಹೋದೆ. ಪೈನ್ ಮರಗಳ ಘಮ, ಕೊಂಬೆಯಿಂದ ಉದುರಿ ಕತ್ತಿನೊಳಗೆ ಇಳಿದ ಹಿಮದ ಪುಡಿ, ಸ್ಕೀ ಅಡಿಯಲ್ಲಿ ರೇಷ್ಮೆ ಸೀರೆ ಸರಿದಂಥ ಸದ್ದು. ಮುದಿ ಜೂನೋ ಮರಿಯಾಗಿಬಿಟ್ಟಿತ್ತು. ನಾನು ಬಿದ್ದಾಗಲೆಲ್ಲ ಹಿಂತಿರುಗಿ ಬಂದು ಮೂಗು ನೆಕ್ಕಿ, ಏಳು ಏಳು ಎನ್ನುವ ಹಾಗೆ ಮತ್ತೆ ಮುಂದೆ ಹೋಗಿ ನಿಲ್ಲುತ್ತಿತ್ತು.

ಅಮ್ಮನಿಗೆ ನಾಯಿ ಕಂಡರೆ ಆಗುತ್ತಿರಲಿಲ್ಲ. ಆದರೂ ಮೀಸೆಗೆಲ್ಲ ಹಿಮ ಅಂಟಿಸಿಕೊಂಡು ಮೆಟ್ಟಿಲ ಮೇಲೆ ನಿಂತ ಜೂನೋವನ್ನು ನೋಡಿ ಅವಳ ಮನಸ್ಸು ಕರಗಿತು.

"ಪಾಪ, ಅದೂ ಒಳಗೆ ಬರ್ಲಿ. ಆದ್ರೆ ಬೂಟ್ಸ್ ಬಾಗ್ಲಲ್ಲೇ! ನಾಯಿಗೂ ಅದೇ ರೂಲ್."

ಹಾಗೆ ಅಪ್ಪನ ಬೂಟು, ಅಕ್ಕನದು, ನನ್ನದು, ಪಕ್ಕದಲ್ಲಿ ನಾಲ್ಕು ಪುಟ್ಟ ಕೆಂಪು ಬೂಟು ಸಾಲಾಗಿ ಕೂತವು. ಅಪ್ಪ ಕ್ಯಾಮೆರಾ ತಂದರು. ಆಲ್ಬಮ್‌ನಲ್ಲಿ ನೀವು ಬೆರಳಿಟ್ಟು ನಗುವ ಫೋಟೋ ಅದೇ. ಜೂನೋ ತುಪ್ಪ ಸವರಿದ ಎರಡು ಚಪಾತಿ ತಿಂದು, ಅಮ್ಮ ಬೇಡವೆಂದರೂ ಅವಳ ಕಾಲ ಬಳಿಯೇ ಮಲಗಿತು.

ಅದನ್ನು ಮನೆಗೆ ಬಿಟ್ಟು ಬರುವ ಕೆಲಸ ನನ್ನದಾಯಿತು. ಬಾಗಿಲಲ್ಲಿ ನೋಡಿದರೆ ಬೂಟುಗಳು ಒದ್ದೆ, ಪಟ್ಟಿಗಳೆಲ್ಲ ಗೋಜಲು. ಒಂದನ್ನು ಕಟ್ಟುವಷ್ಟರಲ್ಲಿ ನನ್ನ ಬೆರಳು ಮರಗಟ್ಟಿತು. ಜೂನೋ ಅವಸರಕ್ಕೆ ಕಾಲು ಕಿತ್ತುಕೊಳ್ಳುತ್ತಿತ್ತು. ನನಗೂ ಅವಸರವಿತ್ತು. ಇನ್ನೊಂದೇ ಒಂದು ಸುತ್ತು ಬೇಕಿತ್ತು, ಅಕ್ಕನಿಗೆ ಪಾಲು ಕೊಡದೆ, ನಾನೊಬ್ಬನೇ. ಕಟ್ಟಿದ್ದ ಒಂದನ್ನೂ ಬಿಚ್ಚಿ ನಾಲ್ಕನ್ನೂ ಜೇಬಿಗೆ ತುರುಕಿಕೊಂಡೆ.

"ಬೂಟ್ಸ್ ಹಾಕಿದ್ಯೇನೋ?" ಒಳಗಿನಿಂದ ಅಕ್ಕ ಕೂಗಿದಳು.

"ಯಾ, ಹಾಕಿದೀನಿ!"

ಅಷ್ಟರಲ್ಲಿ ಲಾರಿ ಬಂದು ಹೋಗಿತ್ತು. ಕಾಲುದಾರಿ ರಸ್ತೆ ದಾಟುವಲ್ಲಿ ಐಸಿನ ಚೂರುಗಳ ರಾಶಿ, ಅದರ ಮೇಲೆ ಉಪ್ಪು. ಸ್ಕೀ ಎತ್ತಿ ಎತ್ತಿ ಇಟ್ಟು ಹೇಗೋ ದಾಟಿದೆವು. ಆಚೆ ಬದಿಯಲ್ಲಿ ಜೂನೋ ಇನ್ನೂ ಜೋರಾಗಿ ಎಳೆಯಿತು. ಸ್ವಲ್ಪ ದೂರ ಹೋದ ಮೇಲೆ ಹಿಮದಲ್ಲಿ ಕೆಂಪು ಚುಕ್ಕೆಗಳು ಕಂಡವು. ನಮ್ಮ ಬೀದಿಯಲ್ಲಿದ್ದ ಹಾಲಿ ಎಂಬ ಮುಳ್ಳೆಲೆಯ ಗಿಡಗಳು ಚಳಿಗಾಲದಲ್ಲಿ ಕೆಂಪು ಹಣ್ಣು ಬಿಡುತ್ತಿದ್ದವು. ಅವೇ ಉದುರಿವೆ ಎಂದುಕೊಂಡು ಚುಕ್ಕೆಗಳ ಮೇಲೆಯೇ ಜಾರಿ ಹೋದೆ. ಹಣ್ಣು ಮುಗಿಯಲೇ ಇಲ್ಲ. ತಲೆಯೆತ್ತಿ ನೋಡಿದೆ. ಸುತ್ತ ಒಂದೂ ಹಾಲಿ ಗಿಡವಿರಲಿಲ್ಲ.

"ವೋ!" ಎಂದು ಕಿರುಚಿದೆ. ಜೂನೋ ನಿಂತು ಬಾಲ ಆಡಿಸಿತು. ಅದರ ಮುಂದಿನ ಬಲಗಾಲಿನ ಪಾದ ಸೀಳಿಹೋಗಿತ್ತು. ನನಗೆ ಅಳು ಒತ್ತರಿಸಿ ಬಂತು. ಆಗಲೇ ಹೋಗಿ ಹೇಳಿದ್ದರೆ ನಾಲ್ಕು ಬೈಗುಳ ತಿಂದು ಮುಗಿಯುತ್ತಿತ್ತು. ನಾನು ಮಾಡಿದ್ದೇ ಬೇರೆ. ಹಿಮ ತೆಗೆದುಕೊಂಡು ರಕ್ತ ಒರೆಸಿದೆ. ಜೇಬಿನಿಂದ ಬೂಟು ತೆಗೆದು ಗಾಯದ ಮೇಲೆಯೇ ಹಾಕಿ ಬಿಗಿಯಾಗಿ ಕಟ್ಟಿದೆ. ಉಳಿದ ಮೂರನ್ನೂ ಅಚ್ಚುಕಟ್ಟಾಗಿ ಕಟ್ಟಿದೆ. ಬೆರಳು ಮರಗಟ್ಟಿದ್ದು ಆಗ ಲೆಕ್ಕಕ್ಕೇ ಬರಲಿಲ್ಲ. ಬಟ್ಟೆ ಕೆಂಪಗಿತ್ತು, ರಕ್ತ ಕಾಣಿಸಲಿಲ್ಲ.

ನಾಲ್ಕು ಕಾಲಲ್ಲೂ ಬೂಟು ನೋಡಿ ಆಂಟಿ ನನ್ನ ಬೆನ್ನು ತಟ್ಟಿ "ಗುಡ್ ಬಾಯ್" ಎಂದರು. ಕೈಗೆ ಶುಂಠಿ ಬಿಸ್ಕತ್ತು ಕೊಟ್ಟರು. ನಾನು ಅದನ್ನು ಅಲ್ಲೇ ನಿಂತು ತಿಂದೆ.

ಮರುದಿನ ಬೆಳಗ್ಗೆ ಅವರು ಕೋಲೂರಿಕೊಂಡು ನಮ್ಮ ಬಾಗಿಲಿಗೆ ಬಂದರು. ಒಂದು ಬೂಟಿನ ಒಳಮೈಯನ್ನು ಹೊರಗೆ ಮಾಡಿ ನನಗೇ ತೋರಿಸಿದರು. ಒಳಗಿನ ಹೊಲಿಗೆ ಒರಟಾಗಿ ಜೂನೋವಿನ ಪಾದ ಕೊಯ್ದಿದೆ, ನನ್ನ ಕಣ್ಣು ಮಂಜು, ಕೈ ನಡುಕ, ತಪ್ಪು ನನ್ನದು, ನೀನು ಬೇಜಾರು ಮಾಡಿಕೊಳ್ಳಬೇಡ, ಕ್ಷಮಿಸು ಎಂದರು. ಅಪ್ಪ ಅಮ್ಮ ಪಕ್ಕದಲ್ಲೇ ನಿಂತಿದ್ದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು "ಇಟ್ಸ್ ಓಕೆ, ಆಂಟಿ" ಎಂದೆ. ಅವರು ಮಾಡದ ತಪ್ಪನ್ನು ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಟ್ಟೆ, ನೋಡಿ!

ಶಾಲೆ ಮತ್ತೆ ಶುರುವಾಯಿತು. ಬಸ್ಸಿಗೆ ಕಾಯುವ ಜಾಗದಿಂದ ಆಂಟಿಯ ಕಿಟಕಿ ಕಾಣುತ್ತಿತ್ತು. ಬೂಟುಗಳ ಹೊಲಿಗೆಯನ್ನೆಲ್ಲ ಬಿಚ್ಚಿ ಅವರು ಮತ್ತೆ ಹೊಲಿಯುತ್ತಿದ್ದರು. ದಾರ ಪೋಣಿಸಲು ಸೂಜಿಯನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ಹೆಣಗುತ್ತಿದ್ದರು. ಪಕ್ಕದಲ್ಲಿ ಜೂನೋ ಕಾಲಿಗೆ ಬ್ಯಾಂಡೇಜ್ ಸುತ್ತಿಸಿಕೊಂಡು, ಹೊರಗೆ ಹಿಮ ಕರಗುವುದನ್ನು ನೋಡುತ್ತಾ ಕೂತಿರುತ್ತಿತ್ತು. ಆ ಚಳಿಗಾಲ ಅಂಥ ಹಿಮ ಮತ್ತೆ ಬೀಳಲಿಲ್ಲ. ಬೇಸಿಗೆಯಲ್ಲಿ ಅಪ್ಪನಿಗೆ ಬೇರೆ ಕೆಲಸ ಸಿಕ್ಕಿ ನಾವು ಫೋರ್ಟ್ ಮಿಲ್ ಎಂಬ ಊರಿಗೆ ಹೊರಟೆವು. ಹೊರಡುವ ದಿನ ಹೇಳಲೇಬೇಕು ಎಂದುಕೊಂಡಿದ್ದೆ. ಕಾರಿನಲ್ಲಿ ಕೂತು ಕೈ ಬೀಸಿದೆ, ಅಷ್ಟೇ. ಮುಂದಿನ ಚಳಿಗಾಲಕ್ಕೆ ಮೊದಲೇ ಜೂನೋ ಹೋಯಿತು ಎಂದು ಆಂಟಿ ಕಾಗದ ಬರೆದಿದ್ದರು.

ನಿಮ್ಮ ಕಾಲವೇ ಬೇರೆ ಮಕ್ಕಳೇ. ಈ ಅಟ್ಲಾಂಟಾದಲ್ಲಿ ನಿಮಗೆ ಹಿಮವೆಂದರೆ ವರ್ಷಕ್ಕೊಮ್ಮೆ ಬಂದು ಮಧ್ಯಾಹ್ನಕ್ಕೆ ಮಾಯವಾಗುವ ಪುಡಿ. ನಿಮ್ಮ ನಾಯಿಗೂ ಬೂಟಿದೆ, ಅಂಗಡಿಯದು, ಬಿಸಿಲಿಗೆ ಕಾದ ರಸ್ತೆ ಸುಡದಿರಲಿ ಎಂದು. ಬಾಗಿಲಲ್ಲಿ ಬಿಚ್ಚುವ ರೂಲ್ ಮಾತ್ರ ನನ್ನ ಅಮ್ಮನ ಕಾಲದ್ದೇ. ಸಂಜೆ ವಾಕ್ ಹೊರಡುವಾಗ ನಾನು ನೆಲದ ಮೇಲೆ ಕೂತು ಒಂದೊಂದು ಪಟ್ಟಿಯನ್ನೂ ಎರಡೆರಡು ಸಲ ಒತ್ತಿ ನೋಡುತ್ತೇನೆ. "ಕಮಾನ್ ಅಜ್ಜ, ಲೇಟ್ ಆಗ್ತಿದೆ! ಇವತ್ತು ಬೂಟ್ಸ್ ಬೇಡ" ಎಂದು ನೀವು ಗೋಳಾಡುತ್ತೀರಿ. ಅಜ್ಜನಿಗೆ ವಯಸ್ಸಾಯಿತು, ಕೈ ನಿಧಾನ ಎಂದು ನಿಮ್ಮ ಲೆಕ್ಕ. ನಿಧಾನವಲ್ಲ ಮಕ್ಕಳೇ. ಅವತ್ತು ಅವಸರ ಮಾಡಿದ್ದು ಇದೇ ಕೈ. ನಾಲ್ಕನೆಯದು ಕಟ್ಟಿ ಮುಗಿಯುವವರೆಗೆ ಸ್ವಲ್ಪ ತಡೆಯಿರಿ.