ಬೇಲಿ ದಾಟಿದ ಮರಳು

ಆಷಾಢದಲ್ಲಿ ನಮ್ಮ ಕಡೆ ಯಾರೂ ಹೊಸ ಮನೆ ಕೆಲಸ ಹಿಡಿಯುವುದಿಲ್ಲ. ಗಾರೆಯವರು ಸುಮ್ಮನೆ ಕೂತಿರುತ್ತಾರೆ, ಲಾರಿಗಳು ನಿಂತಿರುತ್ತವೆ, ಮರಳು ಬೇಕೆನ್ನುವವರೇ ಇರುವುದಿಲ್ಲ. ಕೊಳ್ಳುವವನಿಗೆ ಅದೇ ಸರಿಯಾದ ತಿಂಗಳು. ತೊಂಬತ್ತರ ದಶಕದ ಕೊನೆಗೆ ಬಿಳಿಕೆರೆಯಿಂದ ಸ್ವಲ್ಪ ಮುಂದೆ, ಹುಣಸೂರು ರಸ್ತೆಯ ಪಕ್ಕದ ಒಂದು ಬೋಳು ದಿಣ್ಣೆಯನ್ನು ಗುತ್ತಿಗೆಗೆ ಹಿಡಿದು, ಕೆ.ಆರ್. ನಗರದ ಕಡೆಯಿಂದ ಮರಳು ತರಿಸಿ ರಾಶಿ ಹಾಕಿಸಿದೆ. ಬರೀ ಮರಳನ್ನು ಯಾರು ಬೇಕಾದರೂ ಮಾರುತ್ತಾರೆ. ನಾನು ಕೆಲಸವಿಲ್ಲದ ಆಳುಗಳನ್ನು ಹಿಡಿದು ಜರಡಿ ಆಡಿಸಿ, ಗೋಡೆಯ ಸಾರಣೆಗೆ ಆಗುವ ನುಣ್ಣನೆಯ ಮರಳನ್ನೇ ಬೇರೆ ಗುಡ್ಡೆ ಮಾಡಿಸಿದೆ. ಶ್ರಾವಣ ಬಂದರೆ ಸಾರಣೆಯವರು ನನ್ನನ್ನೇ ಹುಡುಕಿಕೊಂಡು ಬರಬೇಕು ಅನ್ನುವುದು ಲೆಕ್ಕಾಚಾರ.

ಲಾರಿ ತಿರುಗಿಸಲು ಜಾಗ ಸಾಲದೆಂದು ಪಡುವಣ ಬದಿಯ ಕಳ್ಳಿ ಬೇಲಿ ಕಡಿಸಿದ್ದೆ. ಮೂಡಣ ಬದಿಯಲ್ಲಿ ತಂತಿ ಬೇಲಿ. ಅದರಾಚೆ ಒಬ್ಬ ಹೆಂಗಸಿನ ಹೊಗೆಸೊಪ್ಪಿನ ಹೊಲ. ಗಂಡ ತೀರಿಕೊಂಡ ಮೇಲೆ ಬೇಸಾಯ ಆಕೆಯದೇ. ವರ್ಷವೆಲ್ಲ ನೆಚ್ಚಿಕೊಳ್ಳಲು ಆ ಒಂದೇ ಬೆಳೆ.

ಗಾಳಿ ಪಡುವಣದಿಂದ ಹೊಡೆಯುತ್ತಿತ್ತು. ಕಣ್ಣಿಗೆ ದೂಳು ಬೀಳದಿರಲೆಂದು ಆಳೆತ್ತರದ ಕಬ್ಬಿಣದ ಜರಡಿಯನ್ನು ಗುಡ್ಡೆಯ ಮರೆಗೆ, ಮೂಡಣ ಬುಡದಲ್ಲಿ ಊರೆಗೋಲು ಕೊಟ್ಟು ನಿಲ್ಲಿಸಿದ್ದೆವು. ಕೆಲಸ ಮುಗಿಸಿ ಆಳುಗಳು ಹೋದರು. ನಾನು ಗಿರಾಕಿಗಳನ್ನು ಗೊತ್ತು ಮಾಡಿಕೊಳ್ಳಲು ಪಿರಿಯಾಪಟ್ಟಣ, ರಾವಂದೂರು ಎಂದು ಹತ್ತಾರು ದಿನ ಸುತ್ತಾಡಿದೆ. ಅಷ್ಟು ದಿನವೂ ಮಳೆಯಿಲ್ಲ. ಗಾಳಿ ಮಾತ್ರ ಒಂದೇ ಸಮನೆ.

ವಾಪಸು ಬಂದು ನೋಡಿದರೆ ಗುಡ್ಡೆ ತಗ್ಗಿತ್ತು. ಜರಡಿ ಇರಲೇ ಇಲ್ಲ.

ಕಳ್ಳತನವೆಂದೇ ತೀರ್ಮಾನಿಸಿ ತಂತಿ ಬೇಲಿಯ ಹತ್ತಿರ ಹೋಗಿ ಕೂಗಿದೆ. "ಅಕ್ಕಾ, ನನ್ ಜರಡಿ ಎತ್ತಿದ್ಯಾರು? ಮರಳೂ ಹೋಗ್ಬುಟ್ಟದೆ. ನಿಮ್ ಆಳುಗಳನ್ನ ಒಂದ್ ಮಾತು ಕೇಳಿ."

ಆಕೆ ಕೈಯಲ್ಲಿ ಒಂದು ಎಲೆ ಹಿಡಿದೇ ಬಂದಳು. "ಕಳ್ಳನ್ನ ಉಡೀಕ್ಕೊಂಡ್ ಬಂದ್ರಾ ಅಣ್ಣೋ? ಬನ್ನಿ, ತೋರುಸ್ತೀನಿ. ನಿಮ್ ಮರಳೆಲ್ಲ ನನ್ ಸೊಪ್ಪಿನ್ ಮ್ಯಾಲೆ ಕುಂತದೆ. ಎಲೆ ಎಲೆನೂ ಒದರಿ ಎತ್ಕೊಂಡೋಗಿ."

ಹೊಗೆಸೊಪ್ಪಿನ ಎಲೆ ಅಂಟು. ಅದರ ಮೇಲೆ ನನ್ನ ನುಣ್ಣನೆಯ ಮರಳು ರವೆ ಮೆತ್ತಿದ ಹಾಗೆ ಕೂತಿತ್ತು. ಬೆರಳಿನಿಂದ ಉಜ್ಜಿದೆ. ಎಲೆ ಹರಿಯಿತು, ಮರಳು ಬಿಡಲಿಲ್ಲ.

"ಇದನ್ನ ಬೇಯ್ಸಿ ಒಣಗ್ಸಿ ಹರಾಜಿಗೆ ಹಾಕುದ್ರೆ ಯಾರೂ ಮೂಸೂ ನೋಡಕಿಲ್ಲ," ಅಂದಳು. ಬೈಗುಳವಿರಲಿಲ್ಲ.

ತಂತಿಯ ಕೆಳಗಿನ ಎಳೆ ಮರಳಿನಲ್ಲಿ ಹೂತುಹೋಗಿತ್ತು. ಅಲ್ಲಿಂದ ಒಂದು ನಾಲಗೆ ಆಕೆಯ ಸಾಲುಗಳ ಒಳಕ್ಕೆ ಚಾಚಿತ್ತು. ನಾನು ಗುಡ್ಡೆ ಹತ್ತಿ ನಿಂತೆ. ಗಾಳಿಯ ಕಡೆಯ ಮೈ ಇಳಿಜಾರಾಗಿ, ಹೆಜ್ಜೆ ಹುಗಿಯದಷ್ಟು ಬಿಗಿಯಾಗಿತ್ತು. ಮರಳು ಕುಪ್ಪಳಿಸುತ್ತ ಮೇಲೇರಿ ಬರುತ್ತಿದ್ದರೆ ಮೊಣಕಾಲ ಕೆಳಗೆಲ್ಲ ಚುರುಚುರು. ನೆತ್ತಿಯಲ್ಲಿ ಒಟ್ಟಾಗಿ, ಭಾರ ತಡೆಯದೆ ಆಚೆಯ ಕಡಿದಾದ ಮೈಯಲ್ಲಿ ಸರಕ್ಕನೆ ಜಾರುತ್ತಿತ್ತು. ಎರಡು ತುದಿಗಳೂ ಎತ್ತಿನ ಕೊಂಬಿನಂತೆ ಮುಂದಕ್ಕೆ ಬಾಗಿದ್ದವು. ರಾಶಿ ಹಾಕಿಸಿದವನು ನಾನು. ಈ ರೂಪ ನಾನು ಕೊಟ್ಟದ್ದಲ್ಲ.

ಅಷ್ಟರಲ್ಲಿ ಹುಣಸೂರಿನಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿಯಿಟ್ಟಿದ್ದ ಸೇಟು ಮರಳು ನೋಡಲು ಬಂದ. ರಾಜಸ್ಥಾನದ ಹಳ್ಳಿಯವನು. ಸ್ಕೂಟರು ನಿಲ್ಲಿಸಿದವನು ಬಾಯಿ ತೆರೆದು ನಿಂತುಬಿಟ್ಟ.

"ಅಣ್ಣಾ, ಇದನ್ನ ನಮ್ಮೂರಲ್ಲಿ ಟೀಬಾ ಅಂತಾರೆ. ಗಾಳಿ ಹಿಂದಿಂದ ಹತ್ತಿಸ್ತದೆ, ಮುಂದಕ್ಕೆ ಕೆಡವ್ತದೆ. ಹಂಗೇ ನಡೀತಾ ಹೋಗ್ತದೆ. ನಮ್ಮಜ್ಜನ ಕೊಟ್ಟಿಗೆ ನುಂಗಿಬಿಡ್ತು."

"ಅದು ಮರುಭೂಮಿ ಸೇಟು. ಇದು ಬಿಳಿಕೆರೆ."

"ಅಲ್ಲಿ ಮಳೆ ಇಲ್ಲ, ಹುಲ್ಲಿಲ್ಲ, ಮರಳು ಹಿಡ್ಕೊಳೋರಿಲ್ಲ. ಇಲ್ಲಿ ಹಿಡ್ಕೊಳೋ ಬೇಲಿ ನೀವೇ ಕಡಿಸಿದ್ರಲ್ಲ?"

"ಗೋಡೆ ಎಬ್ಬಿಸಿದ್ರೆ?"

"ಒಂದು ದಿನ ಗೋಡೆ ಹತ್ತಿ ದಾಟ್ತದೆ. ಒಣಕಡ್ಡಿ ನೆಡಿ, ಸಂದು ಬಿಟ್ಟು ಬಿಟ್ಟು. ಅಲ್ಲಿ ಗಾಳಿ ಸುಸ್ತಾಗಿ ಮರಳು ಇಳಿಸಿ ಹೋಗ್ತದೆ."

ಒಣಕಡ್ಡಿ ಇದ್ದದ್ದು ಆಕೆಯ ಹತ್ತಿರವೇ. ಹೋದ ವರ್ಷದ ಹೊಗೆಸೊಪ್ಪಿನ ದಂಟನ್ನು ಒಲೆಗೆಂದು ಒಟ್ಟಿದ್ದಳು. ನಾನು ಕೇಳಿದೆ.

"ಕೊಡ್ತೀನಿ. ಆದ್ರೆ ಸೊಪ್ಪು ಮುರುದು ಮುಗಿಯೋಗಂಟ ಒಂದ್ ಬಾಂಡ್ಲಿ ಮರಳೂ ಎತ್ತಂಗಿಲ್ಲ. ನೀವ್ ಕೆದಕುದ್ರೆ ತಿರ್ಗಾ ಏಳ್ತದೆ."

"ಶ್ರಾವಣಕ್ಕೆ ಮಾತು ಕೊಟ್ಟಿವ್ನಿ ಅಕ್ಕ!"

"ನಾನೂ ಸೊಪ್ಪು ಬೇಯ್ಸಕ್ಕೆ ಸೌದೆ ಇಳಿಸಿವ್ನಿ."

"ನೀರು ಚಿಮುಕಿಸಿ ಅರ್ಧ ಗುಡ್ಡೆ ಎತ್ಕೋತೀನಿ ಬುಡಿ."

"ಅರ್ಧ ಸೊಪ್ಪು ನೀವೇ ಕೊಂಡ್ಕೋತೀರಾ?"

ಸೇಟು ನಕ್ಕ. ಸಂತೆಯಲ್ಲಿ, ಲಾರಿ ಸ್ಟ್ಯಾಂಡಿನಲ್ಲಿ, ಎಂಥೆಂಥವರ ಹತ್ತಿರವೋ ಚೌಕಾಸಿ ಮಾಡಿ ಗೆದ್ದವನು ನಾನು. ಅಂದು ಹೂಂ ಅಂದೆ.

ತಂತಿ ಬೇಲಿಯುದ್ದಕ್ಕೂ ದಂಟು ನೆಟ್ಟೆವು. ಸಾಲು ಸಾಲಿನ ಬುಡದಲ್ಲೂ ಮರಳು ಗುಪ್ಪೆ ಗುಪ್ಪೆಯಾಗಿ ಕೂತು, ನಾಲಗೆ ಅಲ್ಲಿಗೇ ನಿಂತಿತು. ಬುಡದ ಎಲೆಗಳನ್ನು ಆಕೆ ಕಿತ್ತು ತಿಪ್ಪೆಗೆ ಎಸೆದಳು. ಆಮೇಲೆ ಬಿದ್ದ ಮಳೆ ಮೇಲಿನವನ್ನು ತೊಳೆಯಿತು. ಶ್ರಾವಣದಲ್ಲಿ ನನ್ನ ಗಿರಾಕಿಗಳು ಬೇರೆಯವರ ಮರಳು ಕೊಂಡುಹೋದರು. ನಾನು ರಸ್ತೆಯಲ್ಲಿ ನಿಂತು ನೋಡಿದೆ. ನುಣ್ಣನೆ ಮರಳು ಕೂಡಿಡುವವರಿಗೆ ನನ್ನ ಮಾತಿಷ್ಟೆ: ಜಾಗದ ಬಾಡಿಗೆ ಕೇಳುವ ಮುಂಚೆ ಅಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆಂದು ಕೇಳಿ. ನೆನೆಸಿದ ಗೋಣಿತಾಟು ಹೊದಿಸಿ. ಹಸಿ ಬೇಲಿಗೆ ಮಚ್ಚು ಹಾಕಬೇಡಿ.

ಕೊನೆಯ ಸೊಪ್ಪು ಮುರಿದ ದಿನ ಆಕೆ ಒಂದೆಲೆ ತಂದು ನನ್ನ ಅಂಗೈಗೆ ಉಜ್ಜಿದಳು. ಅಂಟು ಹತ್ತಿತು. ಒಂದು ಹರಳೂ ಸಿಗಲಿಲ್ಲ. "ಇನ್ ಎತ್ಕೊಳಿ," ಅಂದಳು.

ಆಳು ಮೂಡಣ ಬುಡದಲ್ಲಿ ಸಲಿಕೆ ಹಾಕಿದ. ಠಣ್ ಎಂದಿತು. ಮರಳು ಸರಿಸಿದ. ಜರಡಿ! ಊರೆಗೋಲಿನ ಸಮೇತ, ನಾವು ನಿಲ್ಲಿಸಿದ ಹಾಗೇ ನಿಂತಿತ್ತು. ಅದನ್ನು ಯಾರೂ ಒಯ್ದಿರಲಿಲ್ಲ. ಗುಡ್ಡೆಯೇ ಅದರ ಮೇಲೆ ನಡೆದುಬಂದಿತ್ತು.

ತಂತಿಯ ಆಚೆಯಿಂದ ಆಕೆ ಇಣುಕಿ ಕೇಳಿದಳು. "ಕಳ್ಳ ಸಿಕ್ಕುದ್ನಾ ಅಣ್ಣೋ?"